‘ಲೇ’ ಅನ್ನಬೇಕೋ, ‘ಸಾರ್’ ಅನ್ನಬೇಕೋ?

ಊರಿನಲ್ಲಿ ಹೊಸದೊಂದು ಹಬ್ಬ ಬೇರು ಬಿಟ್ಟಿದೆ. ಪಂಚಾಂಗದಲ್ಲಿ ಇದಕ್ಕೆ ತಿಥಿ ಇಲ್ಲ, ಸರ್ಕಾರಿ ರಜೆಯ ಪಟ್ಟಿಯಲ್ಲೂ ಜಾಗ ಇಲ್ಲ. ಆದರೂ ಭಾನುವಾರ ಬಂತೆಂದರೆ ದಾವಣಗೆರೆಯ ಒಂದಲ್ಲ ಒಂದು ಹೈಸ್ಕೂಲಿನ ಗೇಟಿಗೆ ಬಾಳೆಕಂಬ, ಮಾವಿನ ತೋರಣ, ಮೇಲೆ ದೊಡ್ಡದೊಂದು ಬ್ಯಾನರು. ‘ಗುರುವಂದನೆ ಹಾಗೂ ಹಳೇ ವಿದ್ಯಾರ್ಥಿಗಳ ಸ್ನೇಹ ಸಮ್ಮಿಲನ’. ಇಂಥ ವರ್ಷದ ಎಸ್.ಎಸ್.ಎಲ್.ಸಿ. ಬ್ಯಾಚು ಎಂದು ಕೆಳಗೆ ದಪ್ಪಕ್ಷರ. ಅದರ ಕೆಳಗೆ ದೇಣಿಗೆ ಕೊಟ್ಟವರ ಭಾವಚಿತ್ರಗಳು. ಕೊಟ್ಟ ಹಣ ದೊಡ್ಡದಿದ್ದರೆ ಮುಖವೂ ದೊಡ್ಡದು, ಸಣ್ಣದಿದ್ದರೆ ಅಂಚೆಚೀಟಿಯಷ್ಟು.

ವ್ಯಾಪಾರಸ್ಥರಿಗೆ ಇದರಿಂದ ನಷ್ಟವೇನಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ, ಗಾಜಿನ ಸ್ಮರಣಿಕೆ, ಶಾಮಿಯಾನ, ಮೈಕ್ ಸೆಟ್ಟು, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಮಧ್ಯಾಹ್ನಕ್ಕೆ ಹೋಳಿಗೆ ಊಟ. ಒಂದು ಬ್ಯಾಚು ಸೇರಿತೆಂದರೆ ಹತ್ತು ಅಂಗಡಿಯ ಗಲ್ಲಾ ತುಂಬುತ್ತದೆ. ಬೇಡ ಅನ್ನುವವರು ಯಾರು? ಇಪ್ಪತ್ತೈದು ಮೂವತ್ತು ವರ್ಷದ ಮೇಲೆ ಹಳೆಯ ಮುಖಗಳು ಒಂದೆಡೆ ಕೂಡುವುದು ಒಳ್ಳೆಯದೇ. ಅಂದು ಬೆತ್ತದಿಂದ ಬಾರಿಸಿದ ಮೇಷ್ಟರ ಕಾಲಿಗೆ ಇಂದು ಬೀಳುವುದೂ ಒಳ್ಳೆಯದೇ.

ಆದರೆ ಆ ಗೇಟಿನ ಒಳಗೆ ಒಂದು ತಾಸು ನಿಂತು ನೋಡಿದವರಿಗೆ ಒಂದು ಅನುಮಾನ ಬಾರದೆ ಇರದು. ಇದು ಗೆಳೆಯರ ಸಭೆಯೋ, ಮೂವತ್ತು ವರ್ಷದ ಮೇಲೆ ಮತ್ತೊಂದು ಸಲ ಕಟ್ಟಿಸುವ ಪರೀಕ್ಷೆಯೋ?

ಪರಿಚಯ ಮಾಡ್ಕೊಳ್ರಪ್ಪ!

ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು ಎಲ್ಲ ಮುಗಿದ ಮೇಲೆ ಮೈಕು ಕೈಯಿಂದ ಕೈಗೆ ಹೊರಡುತ್ತದೆ. ‘ಹೆಸರು, ಈಗ ಏನು ಮಾಡ್ತಾ ಇದೀರಿ, ಎಷ್ಟು ಮಕ್ಕಳು, ಅವರೇನು ಓದ್ತಾ ಇದಾರೆ, ಚುಟುಕಾಗಿ ಹೇಳ್ಕೊಂಡು ಹೋಗ್ರಿ’ ಅಂತ ನಿರೂಪಕರ ಅಪ್ಪಣೆ. ಇಲ್ಲಿಂದ ಶುರು ನೋಡಿ ತಮಾಷೆ.

ಬೆಂಗಳೂರಿನಿಂದ ಕಾರಿನಲ್ಲಿ ಬಂದ ಇಂಜಿನಿಯರ್ ಮಹಾಶಯರು ‘ಚುಟುಕಾಗಿ’ ಹದಿನೈದು ನಿಮಿಷ ಹೇಳುತ್ತಾರೆ. ಮಗಳು ಅಮೆರಿಕದಲ್ಲಿದ್ದರೆ ಇನ್ನೂ ಐದು ನಿಮಿಷ. ಆಮೇಲೆ ತಾಲ್ಲೂಕು ಕಚೇರಿಯ ಅಧಿಕಾರಿ, ಆಮೇಲೆ ಚನ್ನಗಿರಿ ಕಡೆಯ ಅಡಿಕೆ ತೋಟದ ಯಜಮಾನ, ಆಮೇಲೆ ಡಾಕ್ಟರು. ಚಪ್ಪಾಳೆಯೋ ಚಪ್ಪಾಳೆ. ಮೈಕು ಮೂರನೆಯ ಸಾಲಿಗೆ ಬರುತ್ತದೆ. ಅಲ್ಲಿ ಕೂತವನು ಎದ್ದು ನಿಂತು, ‘ನಾನು... ಸ್ವಂತ ಬಿಜಿನೆಸ್’ ಅಂದವನೇ ಕೂತುಬಿಡುತ್ತಾನೆ. ಏನಪ್ಪಾ ಆ ಬಿಜಿನೆಸ್? ಸಂಜೆ ಹೊತ್ತು ಮಂಡಕ್ಕಿ, ಮೆಣಸಿನಕಾಯಿ ಮಾರುವ ಗಾಡಿ. ಸಭೆಯಲ್ಲಿ ಕೂತವರಲ್ಲಿ ಅರ್ಧ ಮಂದಿ ಅಲ್ಲಿ ನಿಂತು ತಿಂದವರೇ, ರುಚಿ ಬಲ್ಲವರೇ. ದಾವಣಗೆರೆಯ ಹೆಸರನ್ನು ಹೊರಗಿನವರು ನೆನೆಯುವುದು ಬೆಣ್ಣೆ ದೋಸೆಯಿಂದ, ಮಂಡಕ್ಕಿ ಮಿರ್ಚಿಯಿಂದ. ಆ ಹೆಸರು ಉಳಿಸಿದ ಕೈ ಮೈಕು ಹಿಡಿದಾಗ ಮಾತ್ರ ನಡುಗುತ್ತದೆ!

ಹೆಂಗಸರ ಸಾಲಿಗೆ ಬಂದರೆ ಇನ್ನೊಂದು ಮಾತು. ‘ಹೌಸ್ ವೈಫು ಅಷ್ಟೇ.’ ಆ ‘ಅಷ್ಟೇ’ ಅನ್ನುವ ಎರಡಕ್ಷರದಲ್ಲಿ ಇಪ್ಪತ್ತೈದು ವರ್ಷ ಅತ್ತೆ ಮಾವನ ಔಷಧಿ ನೋಡಿದ್ದು, ಗಂಡನ ಅಂಗಡಿಯ ಲೆಕ್ಕ ಬರೆದದ್ದು, ಮಕ್ಕಳನ್ನು ಓದಿಸಿದ್ದು ಎಲ್ಲ ಮುಚ್ಚಿ ಹೋಗುತ್ತದೆ. ಅದೇ ಹುಡುಗಿ ಒಂಬತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ಮೊದಲ ಸ್ಥಾನದಲ್ಲಿದ್ದಳು ಎಂಬುದು ನೆನಪಿದ್ದವರಿಗೆ ಮಾತ್ರ ಗೊತ್ತು.

ಮೇಷ್ಟರುಗಳ ಪಾಡು ಬೇರೆ. ಎಂಬತ್ತರ ಹತ್ತಿರದ ಹಿರಿಯರಿಗೆ ಶಾಲು ಹೊದೆಸಿ, ‘ಸಾರ್, ನನ್ನ ಗುರುತು ಸಿಕ್ತಾ?’ ಅಂತ ಐವತ್ತು ಮಂದಿ ಮುಗಿಬೀಳುತ್ತಾರೆ. ಮೇಷ್ಟರು ಪಾಪ, ‘ಹೂಂ ಹೂಂ, ಸಿಕ್ತು’ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಹೆಚ್ಚಿನ ಮೇಷ್ಟರಿಗೆ ನೆನಪಿರುವುದು ಎರಡೇ ಜಾತಿ: ಕ್ಲಾಸಿಗೆ ಫಸ್ಟ್ ಬಂದವನು ಒಬ್ಬ, ಕಿಟಕಿ ಹಾರಿ ಮ್ಯಾಟಿನಿ ಶೋಗೆ ಹೋದವನು ಇನ್ನೊಬ್ಬ. ನಡುವಿನ ಐವತ್ತು ಮಂದಿಯದು ಹಾಜರಿ ಪುಸ್ತಕದಲ್ಲಿ ಬರೀ ನಂಬರು.

ನಾಲಗೆ ತೊಡರುವ ಜಾಗ

ಇದೆಲ್ಲಕ್ಕಿಂತ ದೊಡ್ಡ ಪೇಚು ಕೈ ಕುಲುಕುವ ಗಳಿಗೆಯಲ್ಲಿದೆ. ಎದುರಿಗೆ ನಿಂತವನು ಒಂದೇ ಬೆಂಚಿನಲ್ಲಿ ಮೂರು ವರ್ಷ ಕೂತವನು. ಬುತ್ತಿ ಹಂಚಿಕೊಂಡವನು, ಒಂದೇ ಸೈಕಲ್ಲಿನಲ್ಲಿ ಡಬಲ್ ಹೊಡೆದವನು. ಆತ ಈಗ ದೊಡ್ಡ ಅಧಿಕಾರಿ. ಬೆಳಗ್ಗೆ ಆತನ ಕಚೇರಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲುವವನು ಈತ. ಇಂದು ಭಾನುವಾರ. ಏನಂತ ಕರೆಯಬೇಕು? ‘ಏನ್ಲೇ, ಹೆಂಗದೀಯ?’ ಅನ್ನಬೇಕೋ, ‘ಚೆನ್ನಾಗಿದೀರಾ ಸಾರ್?’ ಅನ್ನಬೇಕೋ?

ಇಂಗ್ಲಿಷಿನವರಿಗೆ ಈ ತಾಪತ್ರಯ ಇಲ್ಲ. ಅವರಿಗೆ ಎಲ್ಲರೂ ‘ಯೂ’. ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ಏಕವಚನವೋ ಬಹುವಚನವೋ ತೀರ್ಮಾನ ಆಗಲೇಬೇಕು. ‘ಲೇ’ ಅಂದರೆ ಸಾಹೇಬರ ಪಕ್ಕದಲ್ಲಿರುವ ಹೆಂಡತಿ ಹುಬ್ಬು ಏರಿಸಬಹುದು. ‘ಸಾರ್’ ಅಂದರೆ ಅಲ್ಲಿಗೆ ಹಳೆಯ ಗೆಳೆತನ ಸತ್ತಂತೆ. ಹಾಗಾಗಿ ಬುದ್ಧಿವಂತರು ನಡುವಿನ ದಾರಿ ಹಿಡಿಯುತ್ತಾರೆ. ಕ್ರಿಯಾಪದವೇ ಇಲ್ಲದೆ ಮಾತಾಡುತ್ತಾರೆ. ‘ಮತ್ತೆ? ಆರಾಮಾ? ಊಟ? ಮನೆ ಕಡೆ ಎಲ್ಲಾ?’ ಹೀಗೆ ಐದು ನಿಮಿಷ ‘ನೀನು’ ಬಾರದ ಹಾಗೆ, ‘ನೀವು’ ಬಾರದ ಹಾಗೆ ಮಾತು ಎಳೆಯುವುದು ತಂತಿಯ ಮೇಲೆ ನಡೆದ ಹಾಗೆ. ನೋಡುವವರಿಗೆ ನಗು. ನಡೆಯುವವನಿಗೆ ಬೆವರು.

ಇದು ಸಮ್ಮಿಲನದ ಪೆಂಡಾಲಿನಲ್ಲಿ ಮಾತ್ರ ಆಗುವ ಪೇಚಲ್ಲ. ಸಿಟಿ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಇದು ಗೊತ್ತು. ಕಂಡಕ್ಟರು ಟಿಕೆಟ್ ಕೇಳಲು ಬರುತ್ತಾನೆ, ಸೀಟಿನಲ್ಲಿ ಕೂತವನು ಹಳೆಯ ಸಹಪಾಠಿ. ಇಬ್ಬರಿಗೂ ಗುರುತು ಹತ್ತಿದೆ, ಹತ್ತಿಲ್ಲದ ಹಾಗೆ ಇಬ್ಬರ ನಟನೆ. ಟಿಕೆಟ್ ಕೇಳದಿದ್ದರೆ ಮುಂದಿನ ಸ್ಟಾಪಿನಲ್ಲಿ ಚೆಕಿಂಗ್‌ನವರು ಹತ್ತಿದರೆ ಕೆಲಸಕ್ಕೆ ಕುತ್ತು. ಕೇಳಿದರೆ ‘ನನ್ನ ಹತ್ರಾನೂ ದುಡ್ಡು ಕೇಳಿದ’ ಅನ್ನುವ ಮಾತು. ಕಡೆಗೆ ನೋಟು ಬರುತ್ತದೆ, ಟಿಕೆಟ್ಟು ಹೋಗುತ್ತದೆ, ಚಿಲ್ಲರೆ ವಾಪಸ್ಸು ಬರುತ್ತದೆ. ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಇಳಿಯುವಾಗ ಒಬ್ಬ ‘ಬರ್ಲಾ?’ ಅಂದರೆ ಇನ್ನೊಬ್ಬ ‘ಹೂಂ’ ಅನ್ನುತ್ತಾನೆ. ಮೂವತ್ತು ವರ್ಷದ ಗೆಳೆತನಕ್ಕೆ ಅಷ್ಟೇ ಲೆಕ್ಕ ಚುಕ್ತಾ.

ಸಿನಿಮಾ ಹಚ್ಚಿದ ಕಿಚ್ಚು

ಈ ಹಬ್ಬದ ಗೀಳು ಹತ್ತಿಸಿದವರಲ್ಲಿ ಸಿನಿಮಾದವರ ಪಾಲೂ ಇದೆ. 2006ರಲ್ಲಿ ಮಲಯಾಳದಲ್ಲಿ ಲಾಲ್ ಜೋಸ್ ನಿರ್ದೇಶನದ ‘ಕ್ಲಾಸ್‌ಮೇಟ್ಸ್’ ಬಂತು. ಕೊಟ್ಟಾಯಂನ ಸಿ.ಎಂ.ಎಸ್. ಕಾಲೇಜಿನಲ್ಲಿ ಹಳಬರು ಸೇರುತ್ತಾರೆ, ಆ ರಾತ್ರಿಯೇ ಒಬ್ಬನ ಕತ್ತು ಹಿಸುಕುವ ಯತ್ನ ಆಗುತ್ತದೆ, ಹಳೆಯ ಗುಟ್ಟುಗಳೆಲ್ಲ ಹೊರಬೀಳುತ್ತವೆ. ಚಿತ್ರ ಭರ್ಜರಿ ಓಡಿತು. ಅದು ಬಂದ ಮೇಲೆ ಕೇರಳದಲ್ಲಿ ಹಳೇ ವಿದ್ಯಾರ್ಥಿಗಳ ಕೂಟಗಳ ಅಲೆಯೇ ಎದ್ದಿತು ಎಂಬ ಮಾತಿದೆ. ಅದೇ 2006ರಲ್ಲಿ ಕನ್ನಡದಲ್ಲಿ ಸುದೀಪ್ ‘ಮೈ ಆಟೋಗ್ರಾಫ್’ ಮಾಡಿದರು. ತಮಿಳಿನ ಚೇರನ್ 2004ರಲ್ಲಿ ಮಾಡಿದ ಚಿತ್ರದ ಕನ್ನಡ ರೂಪ ಅದು. ಮದುವೆ ಕಾಗದ ಹಂಚುವ ನೆಪದಲ್ಲಿ ನಾಯಕ ಹಳೆಯ ಗೆಳೆಯರ, ಹಳೆಯ ಪ್ರೀತಿಯ ಬಾಗಿಲು ತಟ್ಟುವ ಕಥೆ.

2018ರಲ್ಲಿ ತಮಿಳಿನಲ್ಲಿ ಸಿ. ಪ್ರೇಮ್ ಕುಮಾರ್ ‘96’ ತೆಗೆದರು. ವಿಜಯ್ ಸೇತುಪತಿ, ತ್ರಿಷಾ ಜೋಡಿ. ತಂಜಾವೂರಿನ ಸ್ಕೂಲು, ವಾಟ್ಸಾಪ್ ಗುಂಪು, ಚೆನ್ನೈನಲ್ಲಿ ಸಮ್ಮಿಲನ, ಸಿಂಗಪುರದಿಂದ ಬಂದ ಹಳೆಯ ಗೆಳತಿ. ಮರುವರ್ಷವೇ, 2019ರಲ್ಲಿ, ಪ್ರೀತಂ ಗುಬ್ಬಿ ನಿರ್ದೇಶನದಲ್ಲಿ ಗಣೇಶ್ ಮತ್ತು ಭಾವನಾ ನಟಿಸಿ ಕನ್ನಡದಲ್ಲಿ ಅದು ‘99’ ಆಯಿತು. ಊರೂರಲ್ಲಿ ವಾಟ್ಸಾಪ್ ಗುಂಪುಗಳಿಗೆ ಬ್ಯಾಚಿನ ಇಸವಿಯೇ ಹೆಸರಾಗಿರುವುದನ್ನು ನೋಡಿದರೆ ಸಿನಿಮಾ ಹೆಸರುಗಳ ನೆನಪೇ ಬರುತ್ತದೆ.

ಚಿತ್ರಗಳು ಚೆನ್ನಾಗಿವೆ, ಜನ ಅತ್ತಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವುಗಳಲ್ಲಿ ಒಂದು ಜಾಣತನ ಇದೆ. ಸಮ್ಮಿಲನ ಅಂದರೆ ಅಲ್ಲಿ ಒಂದು ಜೋಡಿಯ ಪ್ರೇಮ ಇರಬೇಕು, ಇಲ್ಲವೇ ಒಂದು ಗುಟ್ಟು ಇರಬೇಕು. ಮಿಕ್ಕ ಸಹಪಾಠಿಗಳು ಹಿಂದೆ ನಿಂತು ನಗುವುದಕ್ಕೆ, ಕೀಟಲೆ ಮಾಡುವುದಕ್ಕೆ. ಅವರ ಅಂಗಡಿ ನಡೆಯುತ್ತಿದೆಯೋ ಮುಚ್ಚಿದೆಯೋ, ಸಾಲ ತೀರಿತೋ ಇಲ್ಲವೋ, ಕೇಳುವವರಿಲ್ಲ. ಟಾಕೀಸಿನಿಂದ ಹೊರಬಂದ ಪ್ರತಿಯೊಬ್ಬನೂ ತಾನೇ ರಾಮ ಎಂದುಕೊಂಡು ಸ್ಕೂಲಿನ ಗೇಟು ಹುಡುಕಿಕೊಂಡು ಹೊರಡುತ್ತಾನೆ. ಅಲ್ಲಿ ಹೋದರೆ ಎದುರಾಗುವುದು ಪ್ರೇಮವಲ್ಲ, ‘ಈಗೇನು ಮಾಡ್ತಾ ಇದೀರಿ’ ಅನ್ನುವ ಮೈಕು!

ಅಮೆರಿಕದ ಏಳು ಮಂದಿ

ಈ ಪೇಚನ್ನು ಇದ್ದದ್ದು ಇದ್ದ ಹಾಗೆ ತೋರಿಸಿದ ಒಂದು ಚಿತ್ರ ದೂರದ ಅಮೆರಿಕದಲ್ಲಿ ಬಂದಿದೆ. ಅದರಲ್ಲಿ ದೊಡ್ಡ ಸ್ಟಾರುಗಳಿಲ್ಲ. ಹಾಕಿದ ಬಂಡವಾಳವೂ ಸಣ್ಣದು. ಹೆಸರು ‘ರಿಟರ್ನ್ ಆಫ್ ದಿ ಸಿಕಾಕಸ್ ಸೆವೆನ್’, ಅಂದರೆ ಸಿಕಾಕಸ್ ಏಳು ಮಂದಿ ಮರಳಿ ಬಂದದ್ದು. ಜನ ನೋಡಿದ್ದು 1980ರಲ್ಲಿ.

ಮಾಡಿದವರು ಜಾನ್ ಸೇಲ್ಸ್ ಎಂಬ ಕಥೆಗಾರ. ರೋಜರ್ ಕಾರ್ಮನ್ ಎಂಬ ನಿರ್ಮಾಪಕರಿಗೆ ಮನುಷ್ಯರನ್ನು ತಿನ್ನುವ ಮೀನಿನ ಸಿನಿಮಾಕ್ಕೆ ಕಥೆ ಬರೆದುಕೊಟ್ಟವರು. 1978ರ ಆ ಮೀನಿನ ಸಿನಿಮಾದಂಥವುಗಳಿಂದ ಬಂದ ಸಂಬಳವನ್ನು ಕೂಡಿಟ್ಟು ಸ್ವಂತ ಚಿತ್ರಕ್ಕೆ ಕೈ ಹಾಕಿದರು. ಒಟ್ಟು ಖರ್ಚು ಸುಮಾರು 60,000 ಡಾಲರ್. ಹಾಲಿವುಡ್ಡಿನ ಲೆಕ್ಕದಲ್ಲಿ ಇದು ಕಾಫಿ ತಿಂಡಿಯ ಖರ್ಚು. ಕಿರಾಣಿ ಅಂಗಡಿಯವನು ಕೈಯಲ್ಲಿರುವ ಬಂಡವಾಳ ನೋಡಿ ಸಾಮಾನು ತುಂಬುವ ಹಾಗೆ ಸೇಲ್ಸ್ ಲೆಕ್ಕ ಹಾಕಿದರು. ಗೊತ್ತಿದ್ದ ನಟರೆಲ್ಲ ಮೂವತ್ತರ ಆಸುಪಾಸಿನವರು, ನಾಟಕದವರು. ಹಾಗಾದರೆ ಮೂವತ್ತರ ಆಸುಪಾಸಿನ ಗೆಳೆಯರ ಕಥೆಯನ್ನೇ ಬರೆಯೋಣ. ಕ್ಯಾಮೆರಾ ಕುಣಿಸಲು ದುಡ್ಡಿಲ್ಲ, ಹಾಗಾದರೆ ಮಾತು ಹೆಚ್ಚಿರಲಿ. ನ್ಯೂ ಹ್ಯಾಂಪ್‌ಶೈರ್ ಎಂಬ ರಾಜ್ಯದ ನಾರ್ತ್ ಕಾನ್ವೆ ಎಂಬ ಸಣ್ಣ ಊರಿನಲ್ಲಿ 16 ಎಂ.ಎಂ. ಫಿಲ್ಮಿನಲ್ಲಿ ಚಿತ್ರ ತೆಗೆದರು. ಬರೆದದ್ದು, ನಿರ್ದೇಶನ ಮಾಡಿದ್ದು, ಸಂಕಲನ ಮಾಡಿದ್ದು ಅವರೇ. ಸಣ್ಣದೊಂದು ಪಾತ್ರದಲ್ಲಿ ನಟಿಸಿದ್ದೂ ಅವರೇ.

ಕಥೆ ಏನು? ಹತ್ತು ವರ್ಷದ ಹಿಂದೆ ಕಾಲೇಜು ಕಾಲದಲ್ಲಿ ಒಂದು ಗೆಳೆಯರ ಗುಂಪು ಪ್ರತಿಭಟನೆಗೆಂದು ವಾಷಿಂಗ್ಟನ್ನಿಗೆ ಹೊರಟಿತ್ತು. ದಾರಿಯಲ್ಲಿ ನ್ಯೂಜೆರ್ಸಿಯ ಸಿಕಾಕಸ್ ಎಂಬಲ್ಲಿ ಪೊಲೀಸರು ಹಿಡಿದು ಹಾಕಿದರು. ಪ್ರತಿಭಟನೆಗೆ ತಲುಪಲೇ ಇಲ್ಲ! ಆಗ ಚಿಕಾಗೊ ಮೊಕದ್ದಮೆಯ ಏಳು ಆರೋಪಿಗಳ ಹೆಸರು ದೇಶವೆಲ್ಲ ಮಾತಾಗಿತ್ತು. ಅದನ್ನೇ ಅಣಕಿಸಿ ಇವರೂ ‘ಸಿಕಾಕಸ್ ಏಳು ಮಂದಿ’ ಆದರು. ಈಗ ಮೇಷ್ಟ್ರು ಕೆಲಸ ಮಾಡುವ ಒಂದು ಜೋಡಿಯ ಮನೆಗೆ ಎರಡು ದಿನಕ್ಕೆಂದು ಎಲ್ಲರೂ ಬರುತ್ತಾರೆ.

ಬಂದ ಕೂಡಲೇ ಪೇಚು ಶುರು. ಮಲಗಲು ಹಾಸಿಗೆ ಸಾಲದು, ಯಾರನ್ನು ಯಾರ ಕೋಣೆಗೆ ಹಾಕುವುದು? ಬರಬೇಕಿದ್ದ ಒಂದು ಜೋಡಿ ಬೇರೆಯಾಗಿದೆ, ಆಕೆ ಮೊದಲು ಬರುತ್ತಾಳೆ, ಆತ ಹಿಂದೆಯೇ ಬರುತ್ತಾನೆ. ಹಾಡುಗಾರನಾಗುತ್ತೇನೆ ಎಂದವನು ಇನ್ನೂ ‘ಆಗುತ್ತೇನೆ’ ಅನ್ನುತ್ತಲೇ ಇದ್ದಾನೆ. ಒಬ್ಬಳು ಸೆನೆಟರ್ ಕಚೇರಿ ಸೇರಿದ್ದಾಳೆ. ಅವಳ ಜೊತೆ ಬಂದ ಹೊಸ ಗೆಳೆಯನಿಗೆ ಇವರ ಹಳೆಯ ಕಥೆ, ಹಳೆಯ ನಗು ಯಾವುದೂ ತಿಳಿಯದು. ಮದುವೆಮನೆಯಲ್ಲಿ ದಾರಿ ತಪ್ಪಿ ಬಂದವನಂತೆ ಎಲ್ಲರಿಗೂ ನಕ್ಕು ನಕ್ಕು ಸುಸ್ತಾಗುತ್ತಾನೆ. ರಾತ್ರಿ ವಾಪಸ್ಸು ಬರುವಾಗ ರಸ್ತೆಯಲ್ಲಿ ಸತ್ತ ಜಿಂಕೆಯೊಂದು ಸಿಗುತ್ತದೆ. ಕೊಂದವರು ಇವರೇ ಅಂತ ಪೊಲೀಸರು ಮತ್ತೆ ಹಿಡಿಯುತ್ತಾರೆ. ಅಂದು ಯುದ್ಧದ ವಿರುದ್ಧ ದನಿಯೆತ್ತಿ ಠಾಣೆಗೆ ಹೋದವರು ಇಂದು ಜಿಂಕೆಗಾಗಿ ಠಾಣೆಯಲ್ಲಿ! ನೋಡುವವರು ಹೊಟ್ಟೆ ಹಿಡಿದು ನಗುವ ಜಾಗ ಅದು. ಹತ್ತು ವರ್ಷದಲ್ಲಿ ಕಳೆದದ್ದೇನು ಅಂತ ಎದೆಗೆ ಮುಟ್ಟುವ ಜಾಗವೂ ಅದೇ.

ದಾವಣಗೆರೆಯವರಿಗೆ ಹತ್ತಿರವಾಗುವ ಇಬ್ಬರು ಮಾತ್ರ ಈ ಏಳು ಮಂದಿಯಲ್ಲಿಲ್ಲ. ಅವರು ಊರು ಬಿಡದವರು. ಒಬ್ಬ ಗ್ಯಾರೇಜಿನಲ್ಲಿ ರಿಪೇರಿ ಕೆಲಸದವನು. ಇನ್ನೊಬ್ಬ ಮಕ್ಕಳು ಮರಿಗಳ ಸಂಸಾರದಲ್ಲಿ ಮುಳುಗಿದವನು. ಈ ಎರಡನೆಯ ಪಾತ್ರವನ್ನು ಸೇಲ್ಸ್ ತಾವೇ ಮಾಡಿದ್ದಾರೆ. ಗ್ಯಾರೇಜಿನವನ ಪಾತ್ರ ಮಾಡಿದ ಡೇವಿಡ್ ಸ್ಟ್ರಾಥೇರ್ನ್ ಮುಂದೆ ದೊಡ್ಡ ಹೆಸರಿನ ನಟರಾದರು. ಕಾಲೇಜು ಓದಿ ಬಂದವರು ತಮ್ಮ ಬದುಕು ಹೀಗಾಯಿತಲ್ಲ ಎಂದು ತಲೆ ಕೆರೆದುಕೊಳ್ಳುವಾಗ, ಊರಲ್ಲೇ ಉಳಿದವರು ಅವರ ಜೊತೆ ಆಟ ಆಡುತ್ತಾರೆ, ಕುಡಿಯುತ್ತಾರೆ, ಮಾತಾಡುತ್ತಾರೆ. ಚಿತ್ರ ಇವರನ್ನು ಹಾಸ್ಯಕ್ಕೆಂದು ತಂದು ನಿಲ್ಲಿಸಿಲ್ಲ, ಅಯ್ಯೋ ಪಾಪ ಎಂದೂ ಅಂದಿಲ್ಲ. ಗೆದ್ದವರು ಯಾರು, ಸೋತವರು ಯಾರು ಎಂಬ ತೀರ್ಪನ್ನೂ ಕೊಟ್ಟಿಲ್ಲ.

ಮೂರು ವರ್ಷದ ಮೇಲೆ, 1983ರಲ್ಲಿ, ಕೊಲಂಬಿಯಾ ಎಂಬ ದೊಡ್ಡ ಕಂಪೆನಿ ಇದೇ ಬಗೆಯ ‘ದಿ ಬಿಗ್ ಚಿಲ್’ ತಂದಿತು. ನಿರ್ದೇಶನ ಲಾರೆನ್ಸ್ ಕಾಸ್ಡನ್. ಅದರಲ್ಲಿ ಸ್ಟಾರುಗಳು, ದೊಡ್ಡ ಮನೆ, ಜನಪ್ರಿಯ ಹಾಡುಗಳು ಎಲ್ಲ ಇದ್ದವು. ದುಡ್ಡೂ ಬಂತು, ಆಸ್ಕರ್ ಪಟ್ಟಿಯಲ್ಲೂ ನಿಂತಿತು. ಆದರೂ ಸೇಲ್ಸ್ ಅವರ ಸಣ್ಣ ಚಿತ್ರವನ್ನು ಜನ ಮರೆಯಲಿಲ್ಲ. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯ ಪಟ್ಟಿಗೆ, ಜೋಪಾನವಾಗಿ ಉಳಿಸಬೇಕಾದ ಚಿತ್ರ ಎಂದು, ಅದನ್ನು ಸೇರಿಸಿದರು. ಸತ್ಯಕ್ಕೆ ದುಬಾರಿ ಸೆಟ್ಟು ಬೇಕಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಬಾರದವರ ಲೆಕ್ಕ

ಈಗ ಮತ್ತೆ ಸ್ಕೂಲಿನ ಗೇಟಿಗೆ ಬರೋಣ. ಸಿಕಾಕಸ್ ಮಂದಿಯ ಮನೆಗೆ ಗ್ಯಾರೇಜಿನವನು ಬಂದ. ದಾವಣಗೆರೆಯ ಪೆಂಡಾಲಿಗೆ ಗ್ಯಾರೇಜಿನವನು ಬಂದನೇ? ಇದು ಕೇಳಬೇಕಾದ ಮಾತು.

ಸಮ್ಮಿಲನದ ಕಮಿಟಿಯವರು ಹೆಸರು ಹುಡುಕುವುದು ಹೇಗೆ? ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ ತೆಗೆಯುತ್ತಾರೆ, ಇಲ್ಲವೇ ಎಸ್.ಎಸ್.ಎಲ್.ಸಿ. ಪಾಸಾದವರ ಪಟ್ಟಿ ನೋಡುತ್ತಾರೆ. ಹೈಸ್ಕೂಲು ಶುರುವಾಗುವುದು ಎಂಟನೇ ಕ್ಲಾಸಿನಿಂದ. ಎಂಟರಲ್ಲಿ ಇದ್ದವರೆಲ್ಲ ಹತ್ತಕ್ಕೆ ಬಂದರೇ? ಅಪ್ಪನಿಗೆ ಗಿರಣಿಯಲ್ಲಿ ಕೆಲಸ ಹೋದ ವರ್ಷ ಅಂಗಡಿಗೆ ಸೇರಿದವನು ಒಬ್ಬ. ತಂಗಿಯ ಮದುವೆಯ ಸಾಲಕ್ಕೆ ಲಾರಿ ಕ್ಲೀನರ್ ಆದವನು ಇನ್ನೊಬ್ಬ. ಫೋಟೋ ತೆಗೆಸುವ ದಿನ ಐದು ರೂಪಾಯಿ ಇಲ್ಲ ಅಂತ ಮನೆಯಲ್ಲೇ ಉಳಿದವನು ಮತ್ತೊಬ್ಬ. ಇವರು ಯಾವ ಫೋಟೋದಲ್ಲೂ ಇಲ್ಲ. ಫೋಟೋದಲ್ಲಿ ಇಲ್ಲದವರು ವಾಟ್ಸಾಪ್ ಗುಂಪಿನಲ್ಲೂ ಇಲ್ಲ.

ಗಿರಣಿಗಳ ಊರು ಇದು. ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಂಡ ಕಾಲ ಒಂದಿತ್ತು. ಒಂದೊಂದಾಗಿ ಗಿರಣಿಗಳು ಬಾಗಿಲು ಹಾಕಿದಾಗ ಮುಚ್ಚಿದ್ದು ಬರೀ ಗೇಟುಗಳಲ್ಲ, ಎಷ್ಟೋ ಮನೆಯ ಮಕ್ಕಳ ಓದೂ ಮುಚ್ಚಿತು. ಆ ದಿನಗಳಲ್ಲಿ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಆಗ ಒಂದು ವಿಷಯಕ್ಕೆ ಮೂವತ್ತೈದು ಬರದೆ ಮೂವತ್ತೆರಡು ಬಂದರೆ ಅಕ್ಟೋಬರಿನವರೆಗೆ ಕಾಯಬೇಕು. ಮನೆಯಲ್ಲಿ ಕಾಯುವವರು ಯಾರು? ಹುಡುಗನನ್ನು ಗ್ಯಾರೇಜಿಗೆ, ಹೋಟೆಲಿಗೆ, ಬಟ್ಟೆ ಅಂಗಡಿಗೆ ಸೇರಿಸಿ ಕೈ ತೊಳೆದುಕೊಂಡರು. 2024ರಲ್ಲಿ ಸರ್ಕಾರ ಒಂದೇ ವರ್ಷದಲ್ಲಿ ಮೂರು ಸಲ ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆಸಿತು. ಅಂದು ಈ ಸೌಲಭ್ಯ ಇದ್ದಿದ್ದರೆ ಎಷ್ಟೋ ಮಂದಿಯ ಹಣೆಬರಹ ಬೇರೆ ಇರುತ್ತಿತ್ತು. ಮೂರು ಅಂಕಕ್ಕೆ ಸೋತವನನ್ನು ಸ್ಕೂಲು ಅಂದು ಹೊರಗಿಟ್ಟಿತು. ಮೂವತ್ತು ವರ್ಷದ ಮೇಲೆ ಸಹಪಾಠಿಗಳೂ ಹೊರಗಿಟ್ಟರೆ ಅದಕ್ಕೆ ಏನನ್ನಬೇಕು?

ಇನ್ನು ಕರೆ ಹೋದರೂ ಬಾರದವರು ಇದ್ದಾರೆ. ತಲೆಗೆ ಎರಡು ಸಾವಿರ ಚಂದಾ ಎಂದು ಗುಂಪಿನಲ್ಲಿ ಹಾಕುತ್ತಾರೆ, ಕೊಟ್ಟವರ ಹೆಸರಿನ ಮುಂದೆ ಟಿಕ್ ಗುರುತು. ಎ.ಪಿ.ಎಂ.ಸಿ.ಯಲ್ಲಿ ಮೂಟೆ ಹೊರುವವನಿಗೆ ಅದು ಎಷ್ಟು ದಿನದ ಕೂಲಿ ಎಂದು ಕಮಿಟಿಯವರು ಯಾರಾದರೂ ಕೈಬೆರಳು ಮಡಿಸಿದ್ದಾರೆಯೇ? ಟಿಕ್ ಬೀಳದವನು ಎರಡು ದಿನ ನೋಡುತ್ತಾನೆ, ಮೂರನೇ ದಿನ ಗುಂಪಿನಿಂದ ಹೊರಬೀಳುತ್ತಾನೆ. ‘ಅವನಿಗೆ ಮೊದಲಿಂದ್ಲೂ ಅಷ್ಟೇ, ಸೊಕ್ಕು’ ಅನ್ನುವ ತೀರ್ಪು ಹಿಂದೆಯೇ ಬರುತ್ತದೆ. ಪಾಪ, ಸೊಕ್ಕಿಗೂ ಸಂಕೋಚಕ್ಕೂ ಹೊರಗಿನಿಂದ ನೋಡಿದರೆ ಒಂದೇ ಮುಖ.

ಹೆಣ್ಣುಮಕ್ಕಳನ್ನು ಹುಡುಕುವುದು ಇನ್ನೂ ಕಷ್ಟ. ಮದುವೆಯಾಗಿ ಊರು ಬದಲು, ಎಷ್ಟೋ ಕಡೆ ಹೆಸರೂ ಬದಲು. ತವರುಮನೆಯ ಬಾಗಿಲಿಗೆ ಹೋಗಿ ‘ನಿಮ್ಮ ತಂಗಿ ಫೋನ್ ನಂಬರು ಕೊಡಿ’ ಅಂದರೆ ಅಣ್ಣಂದಿರು ಕೆಂಗಣ್ಣು ಬಿಡುತ್ತಾರೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಸೊನ್ನೆ ಟಿಕೆಟ್ಟು ಬಂತು, ಜಗಳೂರಿನಿಂದಲೋ ಹೊನ್ನಾಳಿಯಿಂದಲೋ ಬರಲು ದುಡ್ಡಿನ ತೊಂದರೆ ಇರಲಿಲ್ಲ. ‘ಹುಡುಗರೆಲ್ಲ ಇರ್ತಾರಂತೆ, ನೀನ್ಯಾಕೆ ಹೋಗ್ಬೇಕು?’ ಅನ್ನುವ ಮಾತಿಗೆ ಮಾತ್ರ ಯಾವ ಯೋಜನೆಯಲ್ಲೂ ರಿಯಾಯಿತಿ ಇಲ್ಲ. ಐವತ್ತು ವರ್ಷದ ಹೆಂಗಸು, ಐವತ್ತು ವರ್ಷದ ‘ಹುಡುಗರು’!

ಬಂದವರಲ್ಲಿ ಕೆಲವರು ಬಂದದ್ದು ಏಕೆ ಎಂಬುದು ಮಂಗಳವಾರ ತಿಳಿಯುತ್ತದೆ. ‘ದೋಸ್ತ, ಭಾನುವಾರ ಬಾಳ ಖುಷಿ ಆತು. ಒಂದು ಒಳ್ಳೆ ಪಾಲಿಸಿ ಐತಿ ನೋಡು...’ ಅಂತ ಫೋನು. ಸೈಟು ಮಾರುವವರು ಒಂದು ಕಡೆ, ಚೀಟಿ ನಡೆಸುವವರು ಇನ್ನೊಂದು ಕಡೆ. ವ್ಯಾಪಾರ ತಪ್ಪಲ್ಲ, ಅಂಗಡಿ ತೆರೆದವರಿಗೆ ಗಿರಾಕಿ ಬೇಕೇ ಬೇಕು. ಆದರೆ ಮೊದಲ ಹೋಳಿಗೆ ಅರಗುವ ಮುಂಚೆ ಅರ್ಜಿ ಫಾರಂ ಮುಂದಿಟ್ಟರೆ ಗೆಳೆತನಕ್ಕೆ ಅಜೀರ್ಣ ಆಗುತ್ತದೆ.

ಹಾಗಾದರೆ ಏನು ಮಾಡಬೇಕು?

ಸಮ್ಮಿಲನ ನಿಲ್ಲಿಸಿ ಅಂತ ಯಾರೂ ಹೇಳುತ್ತಿಲ್ಲ. ಚೆನ್ನಾಗಿ ಮಾಡಿದ ಬ್ಯಾಚುಗಳೂ ರಾಜ್ಯದಲ್ಲಿ ಉಂಟು. ಸ್ಕೂಲಿನ ಛಾವಣಿ ರಿಪೇರಿ ಮಾಡಿಸಿದವರು, ಕಂಪ್ಯೂಟರು ಕೊಟ್ಟವರು, ಕಾಯಿಲೆ ಬಿದ್ದ ಸಹಪಾಠಿಯ ಆಸ್ಪತ್ರೆ ಬಿಲ್ಲು ಕಟ್ಟಿದವರು ಇದ್ದಾರೆ. ಅಂಥವರಿಗೆ ನಮಸ್ಕಾರ. ಮಿಕ್ಕವರು ಸ್ವಲ್ಪ ರೂಢಿ ಬದಲಾಯಿಸಿದರೆ ಸಾಕು, ಕಾಸು ಖರ್ಚಿಲ್ಲದ ಕೆಲಸ.

ಮೊದಲನೆಯದು, ಪಟ್ಟಿ. ಪಾಸಾದವರ ಪಟ್ಟಿ ಬದಿಗಿಟ್ಟು ಎಂಟನೇ ಕ್ಲಾಸಿಗೆ ಸೇರಿದವರ ದಾಖಲಾತಿ ಪುಸ್ತಕ ತೆರೆಸಿ. ಹೆಡ್‌ಮೇಷ್ಟರನ್ನು ಕೇಳಿದರೆ ಬೀರುವಿನಿಂದ ತೆಗೆದು ತೋರಿಸುತ್ತಾರೆ. ಅಲ್ಲಿರುವ ಪ್ರತಿ ಹೆಸರೂ ಆ ಬ್ಯಾಚಿನದೇ. ಅರ್ಧಕ್ಕೆ ಬಿಟ್ಟವನ ಮನೆಗೆ ಬರೀ ಮೆಸೇಜು ಕಳಿಸಿದರೆ ಬರುವುದಿಲ್ಲ. ಇಬ್ಬರು ಹೋಗಿ ಬಾಗಿಲಲ್ಲಿ ನಿಂತು ‘ಬಾರಲೇ’ ಅನ್ನಬೇಕು. ಹೆಣ್ಣುಮಕ್ಕಳ ಮನೆಗೆ ಹೆಣ್ಣುಮಕ್ಕಳೇ ಹೋಗಲಿ.

ಎರಡನೆಯದು, ಚಂದಾ. ಕೊಡಬಲ್ಲವನು ಕೊಡಲಿ, ಡಬ್ಬಿ ಒಂದು ಮೂಲೆಯಲ್ಲಿರಲಿ. ಟಿಕ್ ಗುರುತು ಬೇಡ, ಬ್ಯಾನರಿನಲ್ಲಿ ಅಳತೆ ನೋಡಿ ಮುಖ ಛಾಪಿಸುವುದು ಬೇಡ. ಒಂದು ಗಾಜಿನ ಸ್ಮರಣಿಕೆ ಕಡಿಮೆ ಮಾಡಿದರೆ ಇಬ್ಬರ ಊಟದ ಖರ್ಚು ಹೊರಡುತ್ತದೆ.

ಮೂರನೆಯದು, ಮೈಕು. ‘ಈಗೇನು ಮಾಡ್ತಾ ಇದೀರಿ’ ಎಂಬ ಪ್ರಶ್ನೆಯನ್ನೇ ಎತ್ತಿಹಾಕಿ. ‘ಸ್ಕೂಲಲ್ಲಿ ಯಾವ ಬೆಂಚಿನಲ್ಲಿ ಕೂರ್ತಿದ್ದಿ, ಪಕ್ಕದಲ್ಲಿ ಯಾರಿದ್ರು, ಯಾಕೆ ಏಟು ತಿಂದಿ’ ಅಂತ ಕೇಳಿ. ಇದಕ್ಕೆ ಉತ್ತರ ಹೇಳಲು ಇಂಜಿನಿಯರಿಗೂ ಮಂಡಕ್ಕಿ ಗಾಡಿಯವನಿಗೂ ಒಂದೇ ಬಂಡವಾಳ. ಹಳೆಯ ಅಡ್ಡಹೆಸರನ್ನು ಹೆಂಡತಿ ಮಕ್ಕಳ ಎದುರು ಕೂಗುವ ಮುಂಚೆ ಮಾತ್ರ ಒಂದು ಕ್ಷಣ ಯೋಚಿಸಿ. ಕೆಲವು ಹೆಸರು ನಗು ತರಿಸಿದವು, ಕೆಲವು ಹೆಸರು ಅಂದೂ ನೋಯಿಸಿದವು, ಇಂದೂ ನೋಯಿಸುತ್ತವೆ. ಜಾತಿ ಹಿಡಿದು, ಅಪ್ಪನ ಕಸುಬು ಹಿಡಿದು ಇಟ್ಟ ಹೆಸರುಗಳನ್ನು ಮರೆಯುವುದೇ ಮರ್ಯಾದೆ.

ನಾಲ್ಕನೆಯದು, ವೇದಿಕೆ. ಮೇಷ್ಟರನ್ನು ಕೂರಿಸಲು ವೇದಿಕೆ ಇರಲಿ. ಸಹಪಾಠಿಗಳಲ್ಲಿ ಗಣ್ಯರು ಯಾರು, ಇತರರು ಯಾರು ಎಂದು ಭಾಗ ಮಾಡಿ ಮೇಲೆ ಕೆಳಗೆ ಕೂರಿಸುವುದು ಬೇಡ. ಗುರುವಂದನೆಯಲ್ಲಿ ಗಂಟೆ ಬಾರಿಸಿದ ಜವಾನರಿಗೂ ಒಂದು ಶಾಲು ಇರಲಿ. ಮಕ್ಕಳ ಕಿವಿಗೆ ಮೇಷ್ಟರ ಪಾಠಕ್ಕಿಂತ ಇಂಪಾಗಿ ಕೇಳಿಸಿದ್ದು ಅವರು ಹೊಡೆದ ಕೊನೆಯ ಗಂಟೆ ಅಲ್ಲವೆ?

ಕಡೆಗೆ ‘ಲೇ’ ಅನ್ನಬೇಕೋ ‘ಸಾರ್’ ಅನ್ನಬೇಕೋ ಎಂಬ ತಕರಾರು. ಇದನ್ನು ಅರ್ಜಿ ಹಿಡಿದು ನಿಲ್ಲುವವನು ಬಗೆಹರಿಸಲಾರ, ಅದು ಅವನ ಕೈಯಲ್ಲಿಲ್ಲ. ಮೇಲೆ ಹೋದವನೇ ಮೊದಲು ಬಾಯಿ ಬಿಡಬೇಕು. ಅಧಿಕಾರಿಯಾದವನು, ಹಣವಂತನಾದವನು ತಾನೇ ನಾಲ್ಕು ಹೆಜ್ಜೆ ಮುಂದೆ ಬಂದು ‘ಏನ್ಲೇ, ನನ್ನ ಮರ್ತುಬಿಟ್ಯಾ?’ ಅಂದರೆ ಎದುರಿನವನ ನಾಲಗೆಯ ಗಂಟು ತಾನಾಗಿ ಬಿಚ್ಚುತ್ತದೆ. ಹಾಗೆ ಅಂದವನು ಸೋಮವಾರ ಬೆಳಗ್ಗೆ ಕಚೇರಿಯ ಬಾಗಿ‍ಲಲ್ಲೂ ಅದನ್ನೇ ಅನ್ನಬೇಕು. ಭಾನುವಾರ ‘ಲೇ’, ಸೋಮವಾರ ‘ಯಾರ್ರೀ ಅದು, ಹೊರಗೆ ನಿಲ್ರಿ’ ಅನ್ನುವುದಾದರೆ ಅಂಥ ಸಮ್ಮಿಲನಕ್ಕೆ ಹೋಳಿಗೆಯ ಖರ್ಚು ದಂಡ!

ಮುಂದಿನ ಭಾನುವಾರ ಯಾವ ಬ್ಯಾಚಿನ ಸರದಿಯೋ ಗೊತ್ತಿಲ್ಲ. ಎಷ್ಟು ಕಾರು ಬಂದವು, ಎಷ್ಟು ಶಾಲು ಹೊದೆಸಿದರು ಎಂಬ ಲೆಕ್ಕ ಸೋಮವಾರದ ಪತ್ರಿಕೆಗಳಲ್ಲಿ ಬಂದೇ ಬರುತ್ತದೆ. ಎಂಟನೇ ಕ್ಲಾಸಿನ ಪುಸ್ತಕದಲ್ಲಿದ್ದವರಲ್ಲಿ ಬಾರದೆ ಉಳಿದವರು ಎಷ್ಟು ಎಂಬ ಲೆಕ್ಕವನ್ನೂ ಕಮಿಟಿಯವರು ಒಂದು ಸಲ ಹಾಕಿ ನೋಡಲಿ. ಸ್ನೇಹ ಸಮ್ಮಿಲನದ ನಿಜವಾದ ಮಾರ್ಕ್ಸ್ ಕಾರ್ಡು ಅದೇ, ಸ್ವಾಮೀ.